ಸವತಿ ತಾಳಿಗೊಂದು ಮುಖ

ಮೈಸೂರಿನಿಂದ ನಂಜನಗೂಡಿಗೆ ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹತ್ತಿದೆ. ಮಾರ್ಚ್ ತಿಂಗಳು, ಆ ಹೊತ್ತಿಗೇ ಕಿಟಕಿಯ ಸರಳು ಬೆಚ್ಚಗಾಗಿತ್ತು. ಹೊರಟದ್ದು ಸತ್ತುಹೋದ ಒಬ್ಬ ಹೆಂಗಸಿನ ಮುಖ ನೋಡಿಕೊಂಡು ಬರಲು.

ನಾನು ಒಡವೆ ವಿನ್ಯಾಸ ಮಾಡುವವಳು. ಹದಿನಾಲ್ಕು ವರ್ಷ ಒಂದು ದೊಡ್ಡ ಅಂಗಡಿಗೆ ನೆಕ್ಲೇಸು, ಓಲೆ, ಬಳೆಗಳ ಚಿತ್ರ ಬರೆದುಕೊಟ್ಟೆ. ಅವು ಯಾರ ಕೊರಳಲ್ಲಿವೆಯೋ ಗೊತ್ತಿಲ್ಲ. ನನ್ನ ಹೆಸರಂತೂ ಎಲ್ಲೂ ಇಲ್ಲ. ಆರು ವರ್ಷದ ಹಿಂದೆ ಕೆಲಸ ಬಿಟ್ಟು, ಮನೆಯ ಮಹಡಿಯಲ್ಲಿ ಒಂದು ಮೇಜು ಹಾಕಿಕೊಂಡು ನಾನೇ ಮಾಡತೊಡಗಿದೆ. ಮೊದಲ ವರ್ಷ ಬಂದದ್ದು ನಾಲ್ಕೇ ಕೆಲಸ. ಅದರಲ್ಲೊಬ್ಬರು ತೀರಿಹೋದ ಅಜ್ಜಿಯ ಮುಖವನ್ನು ಪದಕದಲ್ಲಿ ಕೆತ್ತಿಸಿಕೊಂಡರು. ಅದನ್ನು ನೋಡಿ ಇನ್ನೊಬ್ಬರು ಬಂದರು. ಹೀಗೆ ನನಗೆ ಅನ್ನ ಕೊಟ್ಟದ್ದು ಮುಖಗಳು. ಸಿಕ್ಕಷ್ಟು ಫೋಟೋಗಳನ್ನು ಅವರ ಮನೆಯಲ್ಲೇ ಕೂತು ನೋಡಿ, ಮನೆಯವರ ಮಾತು ಕೇಳಿ ಬರೆದುಕೊಂಡ ಮೇಲೆಯೇ ಚಿನ್ನ ಮುಟ್ಟುತ್ತೇನೆ.

ಈ ಕೆಲಸ ಒಪ್ಪಿಸಿದವಳ ಹೆಸರು ಸುಮಿತ್ರ. ಟಿ. ನರಸೀಪುರದ ಹತ್ತಿರದ ಸೋಸಲೆಯವಳು. ನನ್ನ ಪದಕಗಳ ಚಿತ್ರವನ್ನು ಫೋನಿನಲ್ಲಿ ನೋಡಿ ಕರೆ ಮಾಡಿದ್ದಳು. ಮುಖತಃ ಭೇಟಿಯಾಗಿರಲಿಲ್ಲ.

"ನಾನು ಎರಡನೇ ಸಂಬಂಧ ಮೇಡಂ. ಮೊದಲನೇ ಅಕ್ಕ ತೀರ್ಕೊಂಡು ಹತ್ತು ವರ್ಷ ಆಯ್ತಂತೆ. ಅವರ ಹೆಸರಲ್ಲಿ ನಾನು ಸವತಿ ತಾಳಿ ಹಾಕ್ಕೋಬೇಕಿತ್ತು, ಯಾರೂ ಮಾಡಿಸಲಿಲ್ಲ."

ಎರಡನೆಯವಳು ತೀರಿಹೋದ ಮೊದಲನೆಯವಳ ಗುರುತಿಗೆ ಕೊರಳಲ್ಲಿ ಸಣ್ಣದೊಂದು ತಾಳಿ ಹಾಕಿಕೊಳ್ಳುವ ಪದ್ಧತಿ ಕೆಲವು ಮನೆಗಳಲ್ಲಿದೆ. ಸಾಮಾನ್ಯವಾಗಿ ಅದೊಂದು ಬರಿಯ ತಗಡು. ಇವಳಿಗೆ ಅಕ್ಕನ ಮುಖವೇ ಬೇಕಿತ್ತು.

"ಈಗ ಯಾಕೆ?" ಎಂದು ಕೇಳಿದ್ದೆ.

"ಮಧ್ಯಾಹ್ನ ಹೊತ್ತು ಒಳಗಿನ ಕೋಣೆಯಲ್ಲಿ ಬಳೆ ಸದ್ದಾಗುತ್ತೆ ಮೇಡಂ. ನಾನೊಬ್ಬಳೇ ಇರ್ತೀನಿ. ಅಕ್ಕ ಇನ್ನೂ ಹೋಗಿಲ್ಲ ಅನ್ಸುತ್ತೆ."

ಗಂಡನಿಗೆ ತಿಳಿಯಬಾರದು, ಹತ್ತರಿಂದ ನಾಲ್ಕರ ಒಳಗೆ ಮಾತ್ರ ಫೋನ್ ಮಾಡಿ ಎಂದಿದ್ದಳು. ಮನೆಯಲ್ಲಿ ಒಂದೂ ಫೋಟೋ ಇಲ್ಲ. ಅಕ್ಕನ ತವರು ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರು, ಅಲ್ಲಿ ತಾಯಿ ದೇವೀರಮ್ಮ ಇದ್ದಾರೆ ಎಂದು ಹೇಳಿದ್ದಳು.

ನಂಜನಗೂಡಿನಲ್ಲಿ ಇಳಿದು ಇಡ್ಲಿ ತಿಂದೆ. ಹದಿನಾರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ದಾರಿಯುದ್ದಕ್ಕೂ ನಾಲೆ ಒಣಗಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಕೊಕ್ಕರೆಗಳು ಸುಮ್ಮನೆ ನಿಂತಿದ್ದವು. ಊರೊಳಗೆ ದೇವೀರಮ್ಮನವರ ಮನೆ ಕೇಳಿದರೆ ಒಬ್ಬ ಹೆಂಗಸು ಮಾತಾಡದೆ ಕೈ ತೋರಿಸಿದಳು.

ಹಂಚಿನ ಮನೆ. ಬಾಗಿಲು ತೆರೆದಿತ್ತು. ನಡುಮನೆಯ ಗೋಡೆಯಲ್ಲಿ ಎರಡು ಫೋಟೋ: ಒಂದು ಮುದುಕರದು, ಇನ್ನೊಂದು ಎಳೆಯ ಹೆಂಗಸಿನದು. ಎರಡಕ್ಕೂ ಪ್ಲಾಸ್ಟಿಕ್ ಹಾರ, ಎರಡರ ಗಾಜಿಗೂ ಕುಂಕುಮ, ಕೆಳಗೆ ಹಲಗೆಯ ಮೇಲೆ ಒಂದು ದೀಪ. ಆ ಹೆಂಗಸಿನದು ಅಗಲ ಹಣೆ, ಬಲಹುಬ್ಬಿನ ತುದಿಯಲ್ಲಿ ಮಚ್ಚೆ, ಮೇಲ್ದುಟಿ ಒಂದು ಕಡೆ ತುಸು ಎತ್ತರ. ಕೆತ್ತಲು ಒಳ್ಳೆಯ ಮುಖ ಎಂದುಕೊಂಡೆ. ದೇವೀರಮ್ಮನವರಿಗೆ ಬಂದ ವಿಷಯ ಹೇಳಿದೆ. ಮಗಳ ಹೆಸರು ಮಾದೇವಿ ಎಂದರು. ಒಳಕ್ಕೆ ತಿರುಗಿ, "ಕಾಪಿ ತತ್ತಾ" ಎಂದು ಕೂಗಿದರು.

ಕಾಫಿ ತಂದವಳಿಗೆ ಮೂವತ್ತೆಂಟರ ವಯಸ್ಸಿರಬಹುದು. ಕಿವಿಯ ಮೇಲೆ ನರೆ. ಲೋಟ ಕೊಡಲು ಬಗ್ಗಿದಾಗ ಬಲಹುಬ್ಬಿನ ಮಚ್ಚೆ ಕಂಡಿತು. ಮೇಲ್ದುಟಿ ಒಂದು ಕಡೆ ತುಸು ಎತ್ತರ.

"ಇವರು ಮಾದೇವಿಯವರ ತಂಗೀನಾ?"

"ಅಲ್ಲ ಕಣವ್ವ, ನಾನೇ ಮಾದೇವಿ," ಎಂದಳು ಅವಳು. ಸೆರಗಿನಿಂದ ಫೋಟೋದ ಗಾಜಿನ ಧೂಳು ಒರೆಸಿ, ಕುಂಕುಮ ಅಳಿಸಿಹೋದದ್ದು ನೋಡಿ, ಉಂಗುರದ ಬೆರಳಿನಿಂದ ಮತ್ತೆ ಇಟ್ಟಳು. ತನ್ನ ಫೋಟೋಕ್ಕೆ ತಾನೇ.

ಕಥೆ ಹೇಳಿದ್ದು ದೇವೀರಮ್ಮ. "ಗಂಡನ ಮನೆ ಬುಟ್ಟು ಬಂದ್ಲಲ್ಲ, ಇವ್ಳಪ್ಪ ಬಾಗ್ಲಿಂದ ಒಳಕ್ಕೆ ಬುಡ್ಲಿಲ್ಲ. ನೀನು ನಮ್ಗೆ ಸತ್ತಂಗೆ ಅಂದ್ರು. ಅನ್ನಾಕೆ ಅಂದ್ರು ಅಂದ್ಕೊಂಡೆ. ಅನ್ನೊಂದನೇ ದಿನಕ್ಕೆ ತಿಥಿ ಮಾಡೇಬುಟ್ರು. ಆ ಮನೆಯೋರ್ಗೂ ಏಳಿ ಕಳಿಸಿದ್ರು."

ಮಾದೇವಿ ಮೈಸೂರಿನಲ್ಲಿ ಊದುಬತ್ತಿ ಹೊಸೆಯುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷ ಒಬ್ಬಳೇ ಇದ್ದಳು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆಯೇ ಈ ಹೊಸ್ತಿಲು ದಾಟಿದ್ದು.

"ಈ ಫೋಟೋನ ಗೋಡೆಯಿಂದ ತೆಗೀಬಹುದಿತ್ತಲ್ಲ?" ಎಂದೆ.

"ಎದ್ರಿಕೆ ಆಯ್ತದೆ," ಎಂದಳು ಮಾದೇವಿ. "ನಾನು ಸತ್ತಿವ್ನಿ ಅಂತ್ಲೇ ನನ್ ಗಂಡ ಉಡುಕ್ಕೊಂಡು ಬಂದಿಲ್ಲ. ಮಾಳ್ಯದ ಅಬ್ಬಕ್ಕೆ ಸತ್ತೋರ್ ಜೊತೆ ನಂಗೂ ಎಡೆ ಇಟ್ಟಿದ್ವಿ. ಉಂಡಿದ್ದೂ ನಾನೇ." ಹೇಳಿ ನಕ್ಕಳು. ತಾಯಿ ನಗಲಿಲ್ಲ.

ಆ ಮನೆಯನ್ನು ಯಾಕೆ ಬಿಟ್ಟಿರಿ ಎಂದು ಕೇಳಲೋ ಬೇಡವೋ ಎನ್ನುವಷ್ಟರಲ್ಲಿ ಅವಳೇ ಹೇಳಿದಳು. "ಒಡೀತಿರ್ಲಿಲ್ಲ, ಬಯ್ತಿರ್ಲಿಲ್ಲ. ಬೆಳಿಗ್ಗೆ ಒರಗಿಂದ ಬೀಗ ಆಕ್ಕೊಂಡು ಅಂಗ್ಡಿಗೆ ಓಗೋನು. ಸಂಜೆ ಬಂದು ಬೀಗ ತಗ್ದು, ಇದ್ದೀಯಾ ಅನ್ನೋನು. ಅಷ್ಟೇಯ. ನಾಕು ವರ್ಸ. ಒಂದಿನ ಬೀಗ ಆಕೋದು ಮರ್ತ."

ಸುಮಿತ್ರ ಹತ್ತರಿಂದ ನಾಲ್ಕರ ಒಳಗೆ ಮಾತ್ರ ಫೋನ್ ಮಾಡಿ ಎಂದದ್ದು ಆಗ ನನಗೆ ಅರ್ಥವಾಯಿತು. ಬಳೆ ಸದ್ದಿನ ವಿಷಯವನ್ನೂ ಹೇಳಿಬಿಟ್ಟೆ.

ಮಾದೇವಿಯ ಮುಖದಲ್ಲಿ ಉಳಿದಿದ್ದ ನಗು ಹೋಯಿತು. "ಒಳಗಿನ ಕೋಣೇಲಾ? ಕಣಜದ ಪಕ್ಕ?"

"ಒಳಗಿನ ಕೋಣೆ ಅಂದಳು."

"ಅವ್ವಾ," ಎಂದು ತಾಯಿಯ ಕಡೆ ತಿರುಗಿದಳು. "ಅದು ನಂಗೂ ಕೇಳ್ಸೋದು ಅಂತ ಏಳ್ತಿರ್ಲಿಲ್ವಾ?"

ದೇವೀರಮ್ಮ ಎದ್ದು ಹೋಗಿ, ಅಷ್ಟು ಬೆಳಕಿದ್ದರೂ ದೀಪ ಹಚ್ಚಿದರು.

ನಾನು ತೆರೆದಿಟ್ಟಿದ್ದ ಚಿತ್ರದ ಪುಸ್ತಕ ಮುಚ್ಚಿ ಏಳಲು ಹೊರಟೆ. ಮಾದೇವಿ ಬಿಡಲಿಲ್ಲ. ಕಿಟಕಿಯ ಬೆಳಕಿಗೆ ಮುಖವಿಟ್ಟು ಕೂತಳು. "ಬರ್ಕೊಳಿ. ಅವ್ಳಿಗೆ ನೆಮ್ಮದಿ ಆಗೋದಾರೆ ಆಗ್ಲಿ. ಆದ್ರೆ ನಾನು ಬದುಕಿವ್ನಿ ಅಂತ ಏಳ್ಬೇಡಿ. ಅವ್ಳಿಗೆ ಗೊತ್ತಾದ್ರೆ ಅವ್ನಿಗೂ ಗೊತ್ತಾಯ್ತದೆ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸತ್ತವರ ಮುಖಗಳನ್ನು ಎಷ್ಟೋ ಬರೆದಿದ್ದೇನೆ. ಸತ್ತವಳೆನಿಸಿಕೊಂಡವಳು ಎದುರು ಕೂತು ಕಣ್ಣು ಮಿಟುಕಿಸಿದ್ದು ಅದೇ ಮೊದಲು. ಒಂದು ಗಂಟೆ ಹಿಡಿಯಿತು. ಮುಗಿಯುವ ಹೊತ್ತಿಗೆ ಮಾದೇವಿ ಎದ್ದು ಬಂದು ನೋಡಿ, ಕಿವಿಯ ಮೇಲೆ ಬೆರಳಿಟ್ಟು, "ಬಿಳೀ ಕೂದ್ಲೂ ಬರೀರಿ," ಎಂದಳು. ಬರೆದೆ.

ಆ ದಿನ ನಂಜನಗೂಡಿನ ಲಾಡ್ಜೊಂದರಲ್ಲಿ ಉಳಿದೆ. ಬಾಡಿಗೆ ಆರುನೂರು, ಫ್ಯಾನು ಕಿರುಗುಟ್ಟುತ್ತಿತ್ತು. ಚಿತ್ರ ತೆಗೆದು ನೋಡಿದಾಗ ಆ ನರೆಗೂದಲು ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಹೊಳೆಯಿತು. ಇದು ಮಾದೇವಿಗೆ ತಿಳಿಯದೆ ಬಂದ ಮಾತೋ, ತಿಳಿದೇ ಬಂದದ್ದೋ? ರಬ್ಬರ್ ಕೈಯಲ್ಲಿತ್ತು. ಅಳಿಸಲಿಲ್ಲ.

ಮರುದಿನ ಬೆಳಿಗ್ಗೆ, ಚಿತ್ರವನ್ನು ಸುಮಿತ್ರಳಿಗೆ ತೋರಿಸಲು, ಟಿ. ನರಸೀಪುರದ ಬಸ್ಸು ಹತ್ತಿದೆ. ಒಂದೂಕಾಲು ಗಂಟೆಯ ದಾರಿ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ರಾಗಿ ದೋಸೆ ತಿಂದು ಸೋಸಲೆಗೆ ಆಟೋ ಮಾಡಿದೆ. ಹನ್ನೊಂದೂವರೆ. ಬೀದಿಯಲ್ಲಿ ನಾಯಿ ಸಹ ಇರಲಿಲ್ಲ. ಸುಮಿತ್ರ ಹೇಳಿದ ನೀಲಿ ಗೋಡೆಯ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.

"ಮೇಡಂ, ಈ ಕಡೆ."

ಪಕ್ಕದ ಕಿಟಕಿಯಲ್ಲಿ ನಿಂತಿದ್ದಳು. ಇಪ್ಪತ್ತೆಂಟರ ಹುಡುಗಿ, ಒದ್ದೆ ಕೂದಲು, ಹಸಿರು ಗಾಜಿನ ಬಳೆ. ಬೀಗದ ವಿಷಯ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಿತ್ರವನ್ನು ಸರಳಿನ ನಡುವೆ ತೂರಿಸಿದೆ. ಬಹಳ ಹೊತ್ತು ನೋಡಿದಳು.

"ಅಕ್ಕ ಹೋದಾಗ ಇಪ್ಪತ್ತೆಂಟು ಅಂದಿದ್ರು. ನನ್ನಷ್ಟೇ."

ಕಾಗದವನ್ನು ಬೆಳಕಿಗೆ ಹಿಡಿದಳು.

"ಇವರಿಗೆ ನರೆ ಬಂದಿದೆ." ತಲೆ ಎತ್ತಿದಳು. "ಫೋಟೋ ನೋಡಿ ಬರೆದ್ರಾ, ಮನುಷ್ಯರನ್ನ ನೋಡಿ ಬರೆದ್ರಾ?"

ಮಾತು ಕೊಟ್ಟದ್ದು ನೆನಪಿತ್ತು. ಆದರೆ ಆ ಕಣ್ಣುಗಳ ಎದುರು ಸುಳ್ಳು ಹೇಳಲಾಗಲಿಲ್ಲ. "ಮನುಷ್ಯರನ್ನ ನೋಡಿ," ಎಂದೆ.

ಅವಳು ಕಾಗದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು. ಆಗ ಒಳಗಡೆ ಬಳೆ ಸದ್ದಾಯಿತು. ಯಾರೋ ಕೈ ಎತ್ತಿ ತಲೆಗೂದಲು ಸರಿಮಾಡಿಕೊಂಡಂತೆ, ಒಂದೇ ಸಲ. ಸುಮಿತ್ರಳ ಬಳೆಗಳು ನನ್ನ ಕಣ್ಣೆದುರೇ ಇದ್ದವು, ಅಲುಗಿರಲಿಲ್ಲ. ಪಕ್ಕದ ಮನೆಯದಿರಬಹುದು, ಇಲಿ ಪಾತ್ರೆ ತಾಗಿಸಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

"ಕೇಳಿಸ್ತಾ?" ಎಂದಳು ಸುಮಿತ್ರ, ತಿರುಗಿ ನೋಡದೆ. "ಅಕ್ಕ ಅಲ್ಲಿದ್ದಾರೆ ಅಂದ್ರೆ ಇದು ಯಾರು ಮೇಡಂ?"

ಸರಳಿನ ನಡುವಿನಿಂದ ಕೈ ಚಾಚಿ ನನ್ನ ತೋಳು ಹಿಡಿದಳು.

"ನನ್ನ ಹೊರಗೆ ಕರ್ಕೊಂಡು ಹೋಗಿ."

ಉಪಕರಣಗಳ ಸುರುಳಿ ಇಲ್ಲದೆ ನಾನು ಊರು ಬಿಡುವುದಿಲ್ಲ. ಅದರಲ್ಲಿ ಚಿನ್ನದ ತಗಡು ಕತ್ತರಿಸುವ ಪುಟ್ಟ ಗರಗಸವಿತ್ತು. ಅಲಗು ದಾರದಷ್ಟು ತೆಳ್ಳಗೆ. ಬೀಗಕ್ಕೆ ಅದು ಏನೂ ಅಲ್ಲ. ಚಿಲಕ ಸಿಕ್ಕಿಸುವ ಕೊಂಡಿ ಹಳೆಯ ಕಬ್ಬಿಣದ್ದು, ಅದನ್ನು ಕುಯ್ಯತೊಡಗಿದೆ. ಮೊದಲ ಅಲಗು ಎರಡೇ ನಿಮಿಷಕ್ಕೆ ಮುರಿಯಿತು. ಮೂರನೆಯದು ಬೆರಳಿಗೆ ಹೊಕ್ಕಿತು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ಆಡು ಹಿಡಿದುಕೊಂಡ ಒಬ್ಬ ಮುದುಕ.

"ಏನವ್ವ ಮಾಡ್ತಿದ್ದೀಯೆ?"

"ಒಳಗೆ ಒಬ್ಬಳು ಇದ್ದಾಳೆ ಅಜ್ಜ."

"ಗೊತ್ತು," ಎಂದ. ಬೀದಿಯ ಎರಡೂ ಕಡೆ ನೋಡಿದ. ಎಲ್ಲರಿಗೂ ಗೊತ್ತಿತ್ತು ಎನ್ನುವುದು ಆ ನೋಟದಲ್ಲೇ ತಿಳಿಯಿತು. ಹೋಗುತ್ತಾನೆ ಅಂದುಕೊಂಡೆ. ಹತ್ತಿರ ಬಂದು ಕೋಲಿನ ತುದಿಯಿಂದ ತೋರಿಸಿದ. "ಅಲ್ಲಿ ಕುಯ್ಬೇಡ. ಬುಡ್ದಲ್ಲಿ ತುಕ್ಕಿಡ್ದದೆ, ಅಲ್ಲಿ ಕುಯ್ಯಿ."

ಒಟ್ಟು ಏಳು ಅಲಗು, ಐವತ್ತು ನಿಮಿಷ. ಮುದುಕ ಅಷ್ಟೂ ಹೊತ್ತು ಬೀದಿ ಕಾಯುತ್ತಾ ನಿಂತಿದ್ದ. ಬಾಗಿಲು ತೆರೆದಾಗ ಸುಮಿತ್ರ ಒಂದು ಚೀಲ ಹಿಡಿದು ಹೊಸ್ತಿಲ ಒಳಗೇ ನಿಂತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಆಚೆ ಬಂದಳು. ನಾನು ಅಭ್ಯಾಸಬಲದಿಂದ ಬಾಗಿಲು ಎಳೆಯಲು ಹೋದೆ.

"ಹಾಕ್ಬೇಡಿ," ಎಂದಳು. "ತೆಗೆದೇ ಇರಲಿ."

ಎಲ್ಲಿಗೆ ಎಂದು ಕೇಳಿದರೆ, ಮೊದಲು ಅಕ್ಕನನ್ನು ನೋಡಬೇಕು ಎಂದಳು. ಟಿ. ನರಸೀಪುರದಿಂದ ಮತ್ತೆ ನಂಜನಗೂಡಿನ ಬಸ್ಸು. ಅವಳ ಆಧಾರ್ ಕಾರ್ಡು ಗಂಡನ ಬಳಿ ಇತ್ತು. ಕಾರ್ಡಿಲ್ಲದೆ ಹೆಂಗಸರಿಗೂ ಉಚಿತವಿಲ್ಲ ಎಂದು ಕಂಡಕ್ಟರ್ ಹೇಳಿದ, ಟಿಕೆಟ್ ತೆಗೆದುಕೊಟ್ಟೆ. ಅವಳು ಆ ಚೀಟಿಯನ್ನು ಹದಿನಾರು ಮುಟ್ಟುವವರೆಗೂ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಟು ದಿನ ಕಳೆದು ಚಾಮರಾಜನಗರದಿಂದ ಅವಳ ಅಣ್ಣ ಬಂದು, ಠಾಣೆಯಲ್ಲಿ ದೂರು ಬರೆಸಿ, ತಂಗಿಯನ್ನು ಕರೆದುಕೊಂಡು ಹೋದ. ಮಾದೇವಿಯೂ ಅವರ ಜೊತೆ ಠಾಣೆಗೆ ಹೋಗಿ, ತಾನು ಬದುಕಿದ್ದೇನೆ ಎಂದು ಹೇಳಿ ರುಜು ಹಾಕಿದಳು. ಆ ಪದಕವನ್ನು ನಾನು ಮಾಡಲಿಲ್ಲ.

ಹದಿನಾರಿಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಮಾತು ತಪ್ಪಿದವಳು ನಾನು, ಏನೆನ್ನುತ್ತಾಳೋ ಎಂದು ಅಳುಕುತ್ತಲೇ ಅಂಗಳಕ್ಕೆ ಕಾಲಿಟ್ಟೆ. ಮಾದೇವಿ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ, ಪಕ್ಕದವಳನ್ನು ನೋಡಿ, ಮೊರ ಕೆಳಗಿಟ್ಟು ಎದ್ದಳು. ಯಾರೆಂದು ಕೇಳಲಿಲ್ಲ. ಸುಮಿತ್ರ ಅವಳ ಕೆನ್ನೆ ಮುಟ್ಟಿದಳು, ಬಿಸಿಯಿದೆಯೋ ಇಲ್ಲವೋ ನೋಡುವ ಹಾಗೆ. ಆಮೇಲೆ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ದೇವೀರಮ್ಮ ನೀರು ತಂದರು.

ನಾನು ಹೊರಟಾಗ ಮಾದೇವಿ ಬೇಲಿಯವರೆಗೆ ಬಂದಳು. ಬೈಯಲಿಲ್ಲ. ಮೆಲ್ಲಗೆ ಕೇಳಿದಳು: "ಬಾಗ್ಲು ಆಕ್ಕೊಂಡು ಬಂದ್ರಾ?"

"ಇಲ್ಲ. ತೆಗೆದೇ ಬಂದ್ವಿ. ಸುಮಿತ್ರಾನೇ ಹಾಗೆ ಹೇಳಿದಳು."

ಮಾದೇವಿ ನದಿಯ ಕಡೆಗೆ, ಸೋಸಲೆ ಇರುವ ದಿಕ್ಕಿಗೆ, ತಿರುಗಿ ನೋಡಿದಳು.

"ಒಳ್ಳೇದಾಯ್ತು," ಎಂದಳು. "ನನ್ಗೆ ಅವತ್ತು ಓಡೋ ಭಯದಲ್ಲಿ ತೋಚ್ಲಿಲ್ಲ, ಬಾಗ್ಲು ಎಳ್ಕೊಂಡು ಬಂದ್ಬುಟ್ಟೆ. ಓಗ್ಲಿ ಪಾಪ, ಆ ಬಳೆ ಸದ್ದಿನೋಳೂ ಎಲ್ಲಾರ ಓಗ್ಲಿ."