ಕೊನೆಯ ಗುಂಡಿ ಅಕ್ಕನದು

ಹೆತ್ತವರು ಇಟ್ಟ ಹೆಸರು ತೊಟ್ಟಿಲಲ್ಲೇ ಉಳಿಯಿತು. ಬೀದಿಯ ಬಾಯಿಗೆ ಹತ್ತಿದ್ದು ಅಕ್ಕ ಇಟ್ಟ ಹೆಸರು: ಅರೆಬರೆ. ಊಟ ಅರ್ಧಕ್ಕೇ ಬಿಟ್ಟು ಏಳುವವಳು, ಹಾಡು ಅರ್ಧಕ್ಕೇ ಮರೆಯುವವಳು, ಒಂದು ಜಡೆ ಹೆಣೆದು ಇನ್ನೊಂದನ್ನು ಕೆದರಿಕೊಂಡೇ ಶಾಲೆಗೆ ಓಡುವವಳು ಎಂದು ಅಕ್ಕ ಯಾವತ್ತೋ ತಮಾಷೆಗೆ ಅಂದದ್ದು. ತಂಗಿಗೆ ನಲವತ್ತು ದಾಟಿತು, ತಮಾಷೆಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ಇಬ್ಬರದೂ ಒಂದೇ ಮನೆ, ಒಂದೇ ಹೊಲಿಗೆ ಅಂಗಡಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಪರದೆ. ತಾಯಿ ತೀರಿಕೊಂಡಾಗ ತಂಗಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಅಕ್ಕ ತನ್ನ ಓದು ಬಿಟ್ಟು ತಾಯಿಯ ಕತ್ತರಿ ಕೈಗೆತ್ತಿಕೊಂಡಳು. ಅಂದಿನಿಂದ ಅಂಗಡಿಯ ಕಟ್ಟಳೆ ಬದಲಾಗಿಲ್ಲ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅಕ್ಕ. ಪರದೆಯ ಹಿಂದೆ ಕೂತು ಮೆಷಿನ್ ತುಳಿಯುವುದು ತಂಗಿ. ಕಾಲರ್ ಕೂರಿಸಿ, ತೋಳು ಜೋಡಿಸಿ, ಕಾಜ ಹೊಲಿದು, ಇನ್ನೇನು ಗುಂಡಿ ಹಚ್ಚಿ ಇಸ್ತ್ರಿ ಮಾಡಿದರೆ ಅಂಗಿ ಅಂಗಿಯಾಯಿತು ಅನ್ನುವ ಹೊತ್ತಿಗೆ ಸರಿಯಾಗಿ ಹೆಗಲ ಮೇಲಿಂದ ಒಂದು ಕೈ ಚಾಚಿಕೊಳ್ಳುತ್ತಿತ್ತು.

"ತಾ ಇಲ್ಲಿ. ಉಳಿದಿದ್ದು ನಾನು ನೋಡ್ಕೋತೀನಿ."

ಗುಂಡಿ ಹಚ್ಚುವವಳು ಅಕ್ಕ, ಮಡಿಸುವವಳು ಅಕ್ಕ, ಗಿರಾಕಿಯ ಕೈಗೆ ಕೊಟ್ಟು "ಹೇಗಿದೆ?" ಎಂದು ಕೇಳುವವಳೂ ಅಕ್ಕ. ಹೊಗಳಿಕೆ ಪರದೆಯ ಆಚೆ ನಿಲ್ಲುತ್ತಿತ್ತು. ಪರದೆಯ ಈಚೆ ಬರುತ್ತಿದ್ದದ್ದು ಮುಂದಿನ ಅಂಗಿ.

ಅಂಗಿಯೊಂದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಶಾಲೆಯ ಕೊನೆಯ ಪರೀಕ್ಷೆಯ ವರ್ಷ ಕೆಲಸ ಮೈಮೇಲೆ ಬಿತ್ತು ಎಂದು ಓದು ಬಿಡಿಸಿದವಳು ಅಕ್ಕ. ಔಷಧಿ ಅಂಗಡಿಯವನೊಬ್ಬ ಗುಂಡಿ ಬಿದ್ದ ನೆಪದಲ್ಲಿ ವಾರಕ್ಕೊಂದು ಅಂಗಿ ತರುತ್ತಿದ್ದ ಕಾಲವೂ ಒಂದಿತ್ತು. ಮದುವೆಯ ಮಾತುಕತೆ ಎಲ್ಲ ಮುಗಿದು ಕೊನೆಯ ಮಾತು ಆಡಿ ಬರುತ್ತೇನೆಂದು ಹೋದ ಅಕ್ಕ ವಾಪಸ್ ಬಂದು ಚಪ್ಪಲಿ ಬಿಡುತ್ತಾ ಅಂದಳು: "ಆ ಮನೆ ನಿನಗೆ ಸರಿಹೋಗಲ್ಲ ಕಣೇ. ಮುಗಿಸಿ ಬಂದೆ." ತಂಗಿ ಮೆಷಿನ್ನಿನ ಸೂಜಿ ಮುರಿದುಕೊಂಡಳು, ಹೊಸದು ಹಾಕಿದಳು.

ಹೀಗಿರುವಾಗ ಹಿಂದಿನ ಬೀದಿಯ ಡ್ರೈವರ್ ಮಾಮ ಹರಿದ ಚಡ್ಡಿ ಹಿಡಿದು ಅಂಗಡಿಗೆ ಬಂದ. ಜೀವಮಾನವೆಲ್ಲ ಬಸ್ಸು ಓಡಿಸಿ, ನಿವೃತ್ತಿಯಾದ ಮೇಲೆ ತಾನೇ ಓಡತೊಡಗಿದ ಮನುಷ್ಯ. ಪ್ರತಿ ವರ್ಷ ಊರಿನಲ್ಲಿ ನಡೆಯುವ ಮ್ಯಾರಥಾನ್‌ನಲ್ಲಿ ಸಿಕ್ಕ ಪದಕವನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

"ನಲವತ್ತೆರಡು ಕಿಲೋಮೀಟರ್ ಅಂದ್ರೆ ಹುಡುಗಾಟವಲ್ಲ," ಅಂದ, ಪರದೆಯ ಸಂದಿಯಿಂದ ತಂಗಿಯತ್ತ ನೋಡಿ. "ಆದ್ರೆ ಯಾರು ಬೇಕಾದ್ರೂ ಓಡಬಹುದು. ನೀನೂ ಓಡಬಹುದು ಕಣಮ್ಮ. ಮೆಷಿನ್ ತುಳಿದ ಕಾಲು, ಕಬ್ಬಿಣ ಇದ್ದ ಹಾಗೆ ಇರುತ್ತೆ."

ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಉಗುಳಿ ನಕ್ಕಳು. "ಇವಳಾ? ಅರ್ಧ ದಾರೀಲಿ ಕೂತು, ಅಕ್ಕಾ ಬಂದು ಎತ್ಕೊಂಡು ಹೋಗು ಅಂತಾಳೆ!"

ಮಾಮನೂ ನಕ್ಕ. ತಂಗಿಯೂ ನಕ್ಕಳು. ನಗುತ್ತಲೇ ಚಡ್ಡಿಯ ಹೊಲಿಗೆ ಬಿಚ್ಚಿದಳು. ಮರುದಿನ ಬೆಳಗ್ಗೆ ನೀರಿನ ಟ್ಯಾಂಕಿನ ಬಳಿ ಓಟಕ್ಕೆ ಮೈ ಸಡಿಲಿಸಿಕೊಳ್ಳುತ್ತಿದ್ದ ಮಾಮನ ಎದುರಿಗೆ ಹೋಗಿ ನಿಂತಳು, ಕಾಲಿಗೆ ಹಳೇ ಕ್ಯಾನ್ವಾಸ್ ಬೂಟು.

"ಮೊದಲು ಅರ್ಧ ಮ್ಯಾರಥಾನ್ ಓಡಮ್ಮ. ಪೂರ್ತಿ ಆಮೇಲೆ ನೋಡೋಣ."

"ಅರ್ಧ ಅಂತ ಹೆಸರಿರೋದು ಯಾವುದೂ ನನಗೆ ಬೇಡ ಮಾಮ."

ಓಡುವುದು ಎಷ್ಟು ಬೇಸರದ ಕೆಲಸ ಎಂದು ಓಡದವರಿಗೆ ಗೊತ್ತಿಲ್ಲ. ಮೊದಲ ವಾರ ಪಕ್ಕೆ ಹಿಡಿಯಿತು, ಎರಡನೇ ವಾರ ಉಗುರು ಕಪ್ಪಾಯಿತು, ಆಮೇಲೆ ಏನೂ ಆಗಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಅದೇ ಟ್ಯಾಂಕು, ಅದೇ ಗಿರಣಿಯ ಗೇಟು, ಅದೇ ಸೇತುವೆ, ಅದೇ ನಾಯಿ. ನಾಯಿಗೂ ಬೊಗಳಿ ಬೊಗಳಿ ಬೇಜಾರಾಗಿ ಈಗ ಒಂದು ಕಣ್ಣಷ್ಟೇ ತೆರೆದು ಮುಚ್ಚುತ್ತಿತ್ತು.

"ಊರು ನೋಡ್ಬೇಡ, ಮುಂದಿನ ಸ್ಟಾಪ್ ನೋಡು," ಎಂದು ಮಾಮ ಹೇಳಿಕೊಟ್ಟ. "ಬಸ್ಸು ಊರಿಗೆ ಹೋಗಲ್ಲ ಕಣಮ್ಮ. ಸ್ಟಾಪಿಂದ ಸ್ಟಾಪಿಗೆ ಹೋಗುತ್ತೆ. ಊರು ತಾನಾಗೇ ಬರುತ್ತೆ."

ಇದು ಕೆಲವು ದಿನ ನಡೆಯಿತು. ಆಮೇಲೆ ಮಾಮನ ಮಂಡಿ ಊದಿಕೊಂಡು ಅವನು ಹಾಸಿಗೆ ಹಿಡಿದ. ಒಬ್ಬಳೇ ಓಡಬೇಕಾಗಿ ಬಂತು. ಬೆಳಗ್ಗೆ ಹೊದಿಕೆ ಸರಿಸುವುದೇ ಬೆಟ್ಟ ಸರಿಸಿದಂತಾಯಿತು. ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು. ಮೂರನೇ ದಿನ ಅಕ್ಕ ಹಾಲು ಕಾಯಿಸುತ್ತಾ ತನ್ನಷ್ಟಕ್ಕೇ ಅನ್ನುವಂತೆ, ಆದರೆ ತಂಗಿಗೆ ಕೇಳುವಂತೆ ಅಂದಳು: "ಆರಂಭಶೂರಿ. ನಾನು ಹೇಳಿರ್ಲಿಲ್ವಾ?"

ತಂಗಿ ಬೂಟು ಕಟ್ಟಿಕೊಂಡಳು.

ಅವತ್ತು ಅವಳಿಗೆ ತನ್ನ ಉರುವಲು ಸಿಕ್ಕಿತು. ಸ್ಟಾಪಿಗೊಂದು ಸಿಟ್ಟು ಇಟ್ಟುಕೊಂಡಳು. ಟ್ಯಾಂಕಿನಿಂದ ಗಿರಣಿಯವರೆಗೆ ಬಿಡಿಸಿದ ಶಾಲೆ. ಗಿರಣಿಯಿಂದ ಸೇತುವೆಯವರೆಗೆ ಔಷಧಿ ಅಂಗಡಿಯವನು. ಸೇತುವೆಯಿಂದ ಆಚೆಗೆ, ಮದುಮಗಳೊಬ್ಬಳಿಗೆಂದು ತಾನು ಕಣ್ಣು ಕೆಂಪಾಗುವಂತೆ ಹೊಲಿದ ಬಿಳೀ ಉಡುಪು. ಅದನ್ನು ತೊಟ್ಟ ಹುಡುಗಿ ಬಂದು ಅಕ್ಕನ ಕೈಗೆ ಮುತ್ತಿಟ್ಟು ಹೋಗಿದ್ದಳು, ಪರದೆಯ ಸಂದಿಯಿಂದ ಇವಳು ನೋಡಿದ್ದಳು. ಬೂದಿ ಮುಚ್ಚಿದ ಕೆಂಡವನ್ನು ಒಂದೊಂದಾಗಿ ಕೆದಕಿದಷ್ಟೂ ಕಾಲಿಗೆ ಕಸುವು. ದಾರಿ ಉದ್ದವಾದಷ್ಟೂ ಸಿಟ್ಟು ಸಾಲದೆ ಹೊಸದನ್ನು ಹುಡುಕಿಕೊಂಡಳು. ಸಣ್ಣವಳಿದ್ದಾಗ ತನ್ನ ಕೂದಲು ಕತ್ತರಿಸಿದ್ದು, ಗಿರಾಕಿಯ ಮುಂದೆ "ಇದಕ್ಕೆ ಅಷ್ಟು ಗೊತ್ತಾಗಲ್ಲ" ಅಂದದ್ದು. ಏನೂ ಸಿಗದ ದಿನ ಅಕ್ಕ ಊಟ ಮಾಡುವಾಗ ಮಾಡುವ ಸದ್ದನ್ನು ನೆನೆದುಕೊಂಡು ಓಡಿದಳು.

ಮಾಮನ ಮಂಡಿ ನೋಡಲು ಹೋದಾಗ ಗುಟ್ಟು ಹೇಳಿದಳು. ಅವನು ನಗಲಿಲ್ಲ.

"ಸಿಟ್ಟು ಡೀಸೆಲ್ ಇದ್ದ ಹಾಗೆ ಕಣಮ್ಮ. ಬಸ್ಸೇನೋ ಓಡುತ್ತೆ. ಹೊಗೆ ಒಳಗೇ ತುಂಬ್ಕೊಳ್ಳುತ್ತೆ." ಆಮೇಲೆ ನಿಯಮಗಳನ್ನು ಹೇಳಿದ. ನೀರು ಕೊಟ್ಟರೆ ಕುಡಿಯಬಹುದು, ಬಿದ್ದರೆ ತಾನೇ ಏಳಬೇಕು. "ಹೊರಗಿನವರು ಯಾರೂ ಕೈ ಹಿಡಿದು ಓಡಿಸೋ ಹಾಗಿಲ್ಲ. ಹಿಡಿದ್ರೆ ಓಟ ಲೆಕ್ಕಕ್ಕಿಲ್ಲ."

"ನನ್ನ ಕೈ ಯಾರು ಹಿಡೀತಾರೆ ಮಾಮ," ಅಂದಳು ಅವಳು.

ಅಕ್ಕ ಬದಲಾದದ್ದು ಯಾವಾಗ ಎಂದು ತಂಗಿಗೂ ಗೊತ್ತಾಗಲಿಲ್ಲ. ಒಂದು ಬೆಳಗ್ಗೆ ಓಡಿ ಬಂದಾಗ ಬಾಗಿಲ ಬಳಿ ಬಕೆಟ್ಟಿನಲ್ಲಿ ಬಿಸಿನೀರು ಇತ್ತು, ಉಪ್ಪು ಹಾಕಿದ್ದು. "ಕಾಲು ಇಡು," ಅಂದಳು ಅಕ್ಕ, ಬೇರೆ ಕಡೆ ನೋಡುತ್ತಾ. ಗಿರಾಕಿಗಳಿಗೆ ಹೇಳತೊಡಗಿದಳು: "ನಮ್ಮ ಅರೆಬರೆ ಓಡ್ತಾಳಂತೆ, ನೋಡಿ!" ಆ "ನಮ್ಮ" ಕೇಳಿ ತಂಗಿಗೆ ಆದದ್ದು ಖುಷಿಯೋ ಭಯವೋ ಅವಳಿಗೇ ತಿಳಿಯಲಿಲ್ಲ.

ಓಟದ ಹಿಂದಿನ ಸಂಜೆ ಅವಳು ತನಗೆಂದೇ ಒಂದು ಅಂಗಿ ಹೊಲಿದಳು. ಬದುಕಿನಲ್ಲೇ ಮೊದಲ ಬಾರಿ ಅಳತೆ, ಕತ್ತರಿ, ಹೊಲಿಗೆ ಎಲ್ಲ ತನ್ನದೇ. ಕೆಳಗಿನ ಅಂಚು ಮಡಿಸಿ ಹೊಲಿಯುವುದೊಂದು ಉಳಿದಿತ್ತು, ಮಾಮನ ಮನೆಯಿಂದ ಬಂದು ಮುಗಿಸಿದರಾಯಿತು ಎಂದು ಮೆಷಿನ್ ಮೇಲಿಟ್ಟು ಹೋದಳು. ಬಂದು ನೋಡಿದರೆ ಅಂಚು ಹೊಲಿದು, ಇಸ್ತ್ರಿ ಹಾಕಿ, ಮಡಿಸಿ ದಿಂಬಿನ ಮೇಲಿಟ್ಟಿತ್ತು.

"ಅಷ್ಟೇ ಉಳಿದಿತ್ತು," ಅಂದಳು ಅಕ್ಕ ಅಕ್ಕರೆಯಿಂದ. "ಮುಗಿಸಿಬಿಟ್ಟೆ."

ಒಳ್ಳೆಯದೇ ಆಯಿತು, ಅಂದುಕೊಂಡಳು ತಂಗಿ. ನಾಳೆಗೆ ಇನ್ನೊಂದು ಸಿಟ್ಟು ಸಿಕ್ಕಿತು.

ಓಟ ಶುರುವಾಯಿತು. ಕುರಿಮಂದೆಯಂತೆ ಜನ. ಶಾಲೆ ಮುಗಿಯಿತು, ಔಷಧಿ ಅಂಗಡಿಯವನು ಮುಗಿದ, ಬಿಳೀ ಉಡುಪು, ಕತ್ತರಿಸಿದ ಕೂದಲು, ನಿನ್ನೆಯ ಅಂಚು, ಎಲ್ಲವನ್ನೂ ಉರಿಸಿದಳು. ಊರಾಚೆಯ ಗೋದಾಮುಗಳ ಸಾಲು ಬರುವಷ್ಟರಲ್ಲಿ ಕಾಲು ಕಲ್ಲಾಗಿತ್ತು. ಕೈಗೆ ಸಿಕ್ಕ ಕೊನೆಯ ಸಿಟ್ಟು ಅಕ್ಕನ ಬಿಸಿನೀರಿನ ಬಕೆಟ್ಟಿಗೆ ಬಿದ್ದು ಚುಂಯ್ ಎಂದು ಆರಿಹೋಯಿತು. ಬೇರೆ ಕಡೆ ನೋಡುತ್ತಾ "ಕಾಲು ಇಡು" ಅಂದ ಮುಖ ಕಣ್ಣಿಗೆ ಕಟ್ಟಿತು. ಆ ಮುಖದ ಮೇಲೆ ಸಿಟ್ಟು ಮಾಡಲು ಬರಲೇ ಇಲ್ಲ. ಅವಳು ನಿಂತೇಬಿಟ್ಟಳು. ರಸ್ತೆಯಂಚಿನಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಅರ್ಧ ದಾರಿ ದಾಟಿ ಎಷ್ಟೋ ದೂರ ಬಂದು, ಅಕ್ಕ ಹೇಳಿದ ಹಾಗೆಯೇ.

ಆಗ ಕಾಲು ತಾನಾಗಿ ಅಲ್ಲಾಡಿತು. ಪೆಡಲ್ ತುಳಿಯುವ ಲಯ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಇಷ್ಟು ವರ್ಷ ಕುಳಿತಲ್ಲೇ ಓಡಿದ್ದಳಲ್ಲ, ಒಂದು ಗೇಣೂ ಮುಂದೆ ಹೋಗದೆ! ಈಗ ಅದೇ ತುಳಿತಕ್ಕೆ ಗೋದಾಮುಗಳು ಹಿಂದೆ ಸರಿಯತೊಡಗಿದವು. ಸಿಟ್ಟಿಲ್ಲ, ಸ್ಟಾಪಿಲ್ಲ, ಯಾರ ಮಾತೂ ಇಲ್ಲ. ಆ ಕೆಲವು ಮೈಲಿ ಮಾತ್ರ ಅವಳ ಬದುಕಿನಲ್ಲಿ ಪೂರ್ತಿ ಅವಳದಾಗಿತ್ತು ಅನ್ನಬೇಕು.

ಬೇಕರಿಯ ತಿರುವಿನಲ್ಲಿ ತಿರುಗಿದರೆ ಕೊನೆಯ ನೇರ ರಸ್ತೆ. ಆಚೆ ತುದಿಯಲ್ಲಿ ನೆಲದ ಮೇಲೆ ಬಳಿದ ಬಿಳೀ ಗೆರೆ ಕಂಡಿತು. ಇಕ್ಕೆಲದಲ್ಲೂ ಹಗ್ಗ, ಹಗ್ಗದ ಆಚೆ ಜನ. ಅವಳು ಕುಂಟುತ್ತಿದ್ದಳು, ಆದರೆ ಬೀಳುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಬೀಳುತ್ತಿರಲಿಲ್ಲ.

"ಅಯ್ಯೋ, ಬಿದ್ಲು! ಬಿದ್ಲು!"

ಹಗ್ಗದಡಿ ನುಸುಳಿ ಬಂದಳು ಅಕ್ಕ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ತಂಗಿ ಬೇಡ ಬೇಡ ಎಂದು ಕೈ ಆಡಿಸಿದ್ದು ಅಕ್ಕನಿಗೆ ಕರೆದಂತೆ ಕಂಡಿತೋ ಏನೋ. ಆಡಿಸಿದ ಕೈಯನ್ನೇ ಗಬಕ್ಕನೆ ಹಿಡಿದಳು.

"ತಾ ಇಲ್ಲಿ. ಉಳಿದಿದ್ದು ನಾನು ನೋಡ್ಕೋತೀನಿ."

ಬಿಡಿಸಿಕೊಳ್ಳಲು ತಂಗಿಯಲ್ಲಿ ಶಕ್ತಿ ಇರಲಿಲ್ಲ. ಅಥವಾ ಇತ್ತು, ಅಭ್ಯಾಸ ಇರಲಿಲ್ಲ. ಅಕ್ಕ ಎಳೆದಳು, ತಂಗಿ ಎಳೆಸಿಕೊಂಡಳು. ಬಿಳೀ ಗೆರೆಯನ್ನು ಮೊದಲು ದಾಟಿದ್ದು ಅಕ್ಕನ ಬರಿಗಾಲು. ಜನ ಚಪ್ಪಾಳೆ ತಟ್ಟಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು.

ಬಾವುಟ ಹಿಡಿದ ಮೇಲ್ವಿಚಾರಕ ಮಾತ್ರ ತಲೆಯಾಡಿಸಿದ. "ಲೆಕ್ಕಕ್ಕಿಲ್ಲಮ್ಮ. ಹೊರಗಿನವರು ಕೈ ಹಿಡಿದಿದ್ದಾರೆ."

"ಹೊರಗಿನವಳಾ?" ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ನನ್ನ ತಂಗಿ ಕಣ್ರೀ ಇವಳು! ನಾನೇ ಸಾಕಿದ್ದು. ನಾನು ಹಿಡೀದೆ ಇದ್ದಿದ್ರೆ ಅಲ್ಲೇ ಬಿದ್ದು ಹೋಗ್ತಿದ್ಲು, ಕೇಳಿ ಬೇಕಾದ್ರೆ."

ಅವನು ತಂಗಿಯತ್ತ ತಿರುಗಿದ. "ಬೀಳ್ತಾ ಇದ್ರೇನಮ್ಮ?"

ಅಕ್ಕನ ಮುಖದಲ್ಲಿ ಬೆವರು, ಕಾಲಲ್ಲಿ ಒಂದೇ ಚಪ್ಪಲಿ. ಸುತ್ತ ಅಷ್ಟೊಂದು ಜನ. ಇಲ್ಲ ಅಂದರೂ ಪದಕ ಬರುವುದಿಲ್ಲ. ಅಕ್ಕನ ಮಾನ ಮಾತ್ರ ಹೋಗುತ್ತದೆ. ಹೂಂ ಅಂದರೆ ಇಷ್ಟು ತಿಂಗಳು ಓಡಿದ್ದೆಲ್ಲ ನೀರಿನಲ್ಲಿ ಹೋಮ. ತಂಗಿ ಎರಡನ್ನೂ ಅನ್ನಲಿಲ್ಲ. ಅದನ್ನೂ ಅರ್ಧಕ್ಕೇ ಬಿಟ್ಟಳು.

ಮರುದಿನದಿಂದ ಅಂಗಡಿಯಲ್ಲಿ ಕಥೆ ಶುರುವಾಯಿತು. "ಇನ್ನು ನಾಲ್ಕು ಹೆಜ್ಜೆ ಅನ್ನೋವಾಗ ಕುಸಿದಳು ನೋಡಿ. ನಾನು ಹೋಗಿ ಮುಗಿಸಿದೆ." ಎರಡು ದಿನ ಕಳೆಯುವಷ್ಟರಲ್ಲಿ ಅದು "ನಾವಿಬ್ರೂ ಓಡಿದ್ವಿ" ಆಯಿತು. ಗಿರಾಕಿಗಳು ಅಕ್ಕನ ಬೆನ್ನು ತಟ್ಟಿದರು. ಪರದೆಯ ಈಚೆ ಮೆಷಿನ್ ಓಡುತ್ತಿತ್ತು.

ಮುಂದಿನ ಭಾನುವಾರ ಬೆಳಕು ಹರಿಯುವಾಗ ತಂಗಿ ಹಾಲಿನ ಪಾತ್ರೆ ಹಿಡಿದು ಹೊರಬಿದ್ದಳು. "ಹಾಲು ತರ್ತೀನಿ" ಅಂದಳು. ಹಾಲಿನ ಅಂಗಡಿ ದಾಟಿ ಬೇಕರಿಯ ತಿರುವಿಗೆ ಹೋದಳು. ಪಾತ್ರೆಯನ್ನು ಬೇಕರಿಯ ಮೆಟ್ಟಿಲ ಮೇಲಿಟ್ಟು, ಅಲ್ಲಿಂದ ಓಡಿದಳು. ಹಗ್ಗವಿಲ್ಲ, ಜನರಿಲ್ಲ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಬಿಳೀ ಗೆರೆ ಅಲ್ಲಲ್ಲಿ ಅಳಿಸಿತ್ತು. ಗುಡಿಸುವ ಹೆಂಗಸೊಬ್ಬಳು ಅದರಾಚೆ ಕಸ ಒಟ್ಟುತ್ತಿದ್ದಳು.

ಗೆರೆಗೆ ಒಂದು ಹೆಜ್ಜೆ ಇದೆ ಅನ್ನುವಾಗ ಕಾಲು ನಿಂತಿತು.

ಸುಸ್ತಾಗಿರಲಿಲ್ಲ. ಸುಮ್ಮನೆ ನಿಂತಿತು, ಕೊನೆಯ ಗುಂಡಿಯ ಹೊತ್ತಿಗೆ ಕೈ ನಿಲ್ಲುವಂತೆ. ತಾನು ಹೆಗಲ ಮೇಲಿನಿಂದ ಬರುವ ಕೈಗೆ ಕಾಯುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ಆಗ. ಇಷ್ಟು ದಿನ ಸಿಟ್ಟು ಮಾಡಿದ್ದು ಯಾರ ಮೇಲೆ? ಆ ಕೈ ಅಂಗಡಿಯಲ್ಲೇ ಉಳಿದಿತ್ತು. ಆದರೂ ಇಲ್ಲಿ ತನ್ನ ಕಾಲಿಗೆ ಅದು ಬೇಕಾಗಿತ್ತು.

"ದಾಟೋದಾದ್ರೆ ದಾಟಮ್ಮ," ಅಂದಳು ಪೊರಕೆಯವಳು. "ನಾನಿಲ್ಲಿ ಗುಡಿಸ್ಬೇಕು."

ದಾಟಿದಳು. ಏನೂ ಆಗಲಿಲ್ಲ. ಒಂದು ಪಾರಿವಾಳ ಹಾರಿತು, ಅಷ್ಟೇ. ಪೊರಕೆ ಅವಳ ಹಿಂದೆಯೇ ಗೆರೆಯ ಮೇಲೆ ಹಾದುಹೋಯಿತು.

ಮನೆಗೆ ಬಂದಾಗ ಅಕ್ಕ ಒಲೆ ಹಚ್ಚಿಕೊಂಡು ಕಾಯುತ್ತಿದ್ದಳು.

"ಎಲ್ಲೇ ಹೋಗಿದ್ದೆ ಇಷ್ಟು ಹೊತ್ತು?"

"ಹಾಲಿಗೆ."

"ಹಾಲೆಲ್ಲಿ?"

ತಂಗಿ ತನ್ನ ಎರಡೂ ಕೈ ನೋಡಿಕೊಂಡಳು. ಪಾತ್ರೆ ಬೇಕರಿಯ ಮೆಟ್ಟಿಲ ಮೇಲೇ ಉಳಿದಿತ್ತು.

"ಅರೆಬರೆ," ಅಂದಳು ಅಕ್ಕ. ಎದ್ದು ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದಳು. "ಬಿಡು. ನಾನೇ ತರ್ತೀನಿ."