ಗೋಡೆ ನೋಡುತ್ತಿದ್ದ ಆಪರೇಟರ್ ಕಾಕಾ

ಇಪ್ಪತ್ತೈದು ವರ್ಷ ಊರವರ ಮಾತೆಲ್ಲ ಹಾದುಹೋದ ಕಿವಿಯನ್ನು ನೀವಾದರೂ ನಂಬುತ್ತಿದ್ದಿರಾ? ಹೆಡ್‌ಫೋನಿನ ಪಟ್ಟಿ ಒತ್ತಿ ಒತ್ತಿ ಅವರ ನೆತ್ತಿಯ ಮೇಲೆ ಕೂದಲು ಬೆಳೆಯದ ಗೆರೆಯೊಂದು ಮೂಡಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಮೇಲೆ ಅವರು ಸಿಂದಗಿಯಲ್ಲಿ ಮೂರು ಕಂಪ್ಯೂಟರುಗಳ ಇಂಟರ್‌ನೆಟ್ ಕೇಂದ್ರ ತೆರೆದಿದ್ದರು. ಊರಿಗೆಲ್ಲ ಆಪರೇಟರ್ ಕಾಕಾ. ನಾನು ಮಾತ್ರ ಮೊದಲ ದಿನದಿಂದಲೇ ಅವರನ್ನು ಶಂಕಿಸಿದೆ.

ಗಿರಾಕಿ ಪಾಸ್‌ವರ್ಡ್ ಹಾಕುವಾಗ ಅವರು ಕುರ್ಚಿ ತಿರುಗಿಸಿ, "ಬಡೀರಿ, ನಾ ಗ್ವಾಡಿ ನೋಡ್ತೇನಿ" ಎನ್ನುವರು. ಇಷ್ಟೊಂದು ಪ್ರದರ್ಶನದ ಹಿಂದೆ ಏನೋ ಇರಲೇಬೇಕು ಎಂಬುದು ನನ್ನ ತರ್ಕ. ಒಮ್ಮೆ ಕೇಳಿಯೇಬಿಟ್ಟೆ: "ಎಕ್ಸ್‌ಚೇಂಜಿನ್ಯಾಗ ಮಂದಿ ಮಾತು ಕೇಳ್ತಿದ್ರೇನ್ರಿ?"

"ಕೇಳ್ತಿದ್ದೆ. ಲೈನ್ ಹತ್ತೇತೋ ಇಲ್ಲೋ ನೋಡಬೇಕಲ್ರೀ. ಅದಕ್ಕ ಈಗ ಗ್ವಾಡಿ ನೋಡ್ತೇನಿ."

ಊರೂರಲ್ಲಿ ಭಾಷಣ ಮಾಡುತ್ತಿದ್ದ ಐವರು ಗೆಳೆಯರ ನಮ್ಮ ಸುಧಾರಣಾ ಸಂಘದಲ್ಲಿ ಸದಸ್ಯರ ನಡುವೆ ಗುಟ್ಟಿರಬಾರದೆಂಬ ನಿಯಮವಿತ್ತು. ಆದ್ದರಿಂದ ಐವರಿಗೂ ಒಂದೇ ಇ-ಮೇಲ್, ಒಂದೇ ಪಾಸ್‌ವರ್ಡ್. ಅದನ್ನು ತೆರೆಯುತ್ತಿದ್ದುದು ಹೆಚ್ಚಾಗಿ ಕಾಕಾರ ಕೇಂದ್ರದಲ್ಲೇ. ವಿಷಯ ಕೇಳಿ ಕಾಕಾ ನಕ್ಕರು. "ಏನ್ರಿ ಭಾಷಣದ ಸಾಹೇಬ್ರ, ಐದು ಮಂದಿಗೆ ಕೀಲಿ ಕೊಟ್ಟು ಬಾಗಲಾ ಯಾಕ ಹಾಕ್ತೀರಿ? ತಗದ ಇಡ್ರಿ."

"ನಮ್ಮಲ್ಲಿ ಗುಟ್ಟಿಲ್ರಿ, ನಂಬಿಕಿ ಐತಿ."

"ನಿಮ್ಮ ಗುಟ್ಟು ಇರಲಿಕ್ಕಿಲ್ಲ. ನಿಮಗ ಬರದವ್ರದು ಇರತೈತಲ್ರೀ."

ಕನ್ನೊಳ್ಳಿಯ ಹುಡುಗಿಯೊಬ್ಬಳು ವಿಜಾಪುರದ ಹಾಸ್ಟೆಲಿನಿಂದ ಸಂಘದ ಇ-ಮೇಲಿಗೆ ಬರೆದಳು: ಮನೆಯಲ್ಲಿ ಮದುವೆ ಗೊತ್ತುಮಾಡುತ್ತಿದ್ದಾರೆ, ಬಿ.ಎ. ಪರೀಕ್ಷೆ ಮುಗಿಯುವವರೆಗೆ ತಡೆಯಿರಿ, ನಾನು ಬರೆದದ್ದು ಯಾರಿಗೂ ತಿಳಿಯಬಾರದು. ವಾರದೊಳಗೆ ಅವಳ ತಂದೆ ಅದೇ ಪತ್ರದ ಪ್ರಿಂಟನ್ನು ನನ್ನ ಮುಂದೆ ಎಸೆದು, ಮಗಳನ್ನು ಹಾಸ್ಟೆಲಿನಿಂದ ಬಿಡಿಸಿರುವುದಾಗಿ ಹೇಳಿ ಹೋದ. ಆ ಹಾಳೆ ಹಿಡಿದು ನಾನು ನೇರ ಕೇಂದ್ರಕ್ಕೆ ನಡೆದೆ. ಗಿರಾಕಿಗಳ ಎದುರಿಗೇ, ಚರ್ಚಾಸ್ಪರ್ಧೆಯ ಏರುದನಿಯಲ್ಲಿ, ಕಾಕಾರನ್ನು ಕದ್ದು ಓದುವ ಮನುಷ್ಯ ಎಂದೆ. ಇಬ್ಬರು ಗಿರಾಕಿಗಳು ಎದ್ದು ಹೊರಟರು.

ಕಾಕಾ ಹಾಳೆಯ ಅಡಿಯ ತಾರೀಖಿನ ಮೇಲೆ ಬೆರಳಿಟ್ಟರು. "ಇದು ಮಂಗಳವಾರ ತಗದದ್ದು. ಅವತ್ತ ಸಿಂದಗಿಯಾಗ ದಿನಾಪೂರ್ತಿ ಕರೆಂಟ್ ಇದ್ದಿಲ್ರೀ. ನಿಮ್ಮ ಐದು ಮಂದ್ಯಾಗ ಯಾರು ಎಲ್ಲಿದ್ರು, ಕೇಳ್ರಿ."

ಕೇಳಿದೆ. ನಮ್ಮವನೇ ಒಬ್ಬ, ಹುಡುಗಿಯ ತಂದೆಯ ದೂರದ ಸಂಬಂಧಿ, ಇಂಡಿ ಪಟ್ಟಣದಲ್ಲಿ ಪ್ರಿಂಟ್ ತೆಗೆಸಿದ್ದ. "ಮನಿ ಮರ್ಯಾದಿ ಪ್ರಶ್ನೆ ಇತ್ತಲ್ಲಪಾ" ಎಂದ, ತಲೆ ತಗ್ಗಿಸದೆ.

ಕ್ಷಮೆ ಕೇಳಲು ಹೋದಾಗ ಕಾಕಾ ತಡೆದರು. "ನಂದೇನ್ರೀ, ಇವತ್ತ ಹೋದ ಗಿರಾಕಿ ನಾಳೆ ಬರ್ತಾರ. ಆ ಹುಡುಗಿಗೆ ಕೇಳ್ರಿ."

ಅವಳು ಪರೀಕ್ಷೆಗೆ ಕೂರಲಿಲ್ಲ. ಮದುವೆಯಾಗಿ ನಿಡಗುಂದಿಯ ಕಡೆ ಹೋದಳೆಂದು ಕೇಳಿದೆ. ಹೋಗಿ ಎದುರು ನಿಲ್ಲುವ ಧೈರ್ಯ ನನಗೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಕಾಕಾ ಕೂಡ ತೀರಿಕೊಂಡರು.

ಓದುಗರಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮನ್ನು ನಂಬಿ ಯಾರಾದರೂ ಬರೆದ ಪತ್ರ ನಿಮ್ಮ ಬಳಿ ಇದ್ದರೆ, ಬೇರೆಯವರೂ ಬಲ್ಲ ಪಾಸ್‌ವರ್ಡನ್ನು ಇಂದೇ ಬದಲಾಯಿಸಿ. ಹೊಸದನ್ನು ಯಾರಿಗೂ ಹೇಳಬೇಡಿ, ಗೆಳೆಯರಿಗೂ.