ಗಾಲಿಯ ಕಡೆ ನೋಡಿದ ಜುಬೇದಾ ಆಂಟಿ

ಜುಬೇದಾ ಆಂಟಿ ವ್ಯಾನಿಗೆ ಕೀಲಿ ಹಾಕುತ್ತಿದ್ದರು, ತಿರುಗಿಸುತ್ತಿರಲಿಲ್ಲ. ಹಿಂದಿನ ಸಾಲಿನವರೆಗೂ ಎಲ್ಲರ ಸೀಟ್ ಬೆಲ್ಟ್ ‘ಟಕ್’ ಎಂದ ಮೇಲೆಯೇ ಎಂಜಿನ್ನಿಗೆ ಜೀವ ಬರುತ್ತಿದ್ದುದು. ಹಾಕಿಕೊಂಡೆವೆಂದು ಸುಳ್ಳು ಹೇಳಿ ಪಾರಾಗುವಂತಿರಲಿಲ್ಲ, ಅವರು ಕಿವಿಯಲ್ಲೇ ಹಾಜರಿ ತೆಗೆದುಕೊಳ್ಳುತ್ತಿದ್ದರು. ಯುಗಾದಿ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆ ಉಟ್ಟು ಹೊರಟ ನಾವು ನೆರಿಗೆ ಹಾಳಾಗುತ್ತದೆಂದು ಗೊಣಗಿದರೆ, “ನೆರಿಗಿ ಇಸ್ತ್ರಿ ಮಾಡಬೋದವಾ, ನಿನ್ನ ಇಸ್ತ್ರಿ ಮಾಡಾಕ ಬರಂಗಿಲ್ಲ” ಎನ್ನುತ್ತಿದ್ದರು. ನಾವು ನಕ್ಕು ಬೆಲ್ಟ್ ಎಳೆದುಕೊಳ್ಳುತ್ತಿದ್ದೆವು.

ಅವರು ವಿಜಾಪುರದ ಕಡೆಯವರು. ಮಿಶಿಗನ್ನಿನ ಪ್ಲಿಮತ್‌ನಲ್ಲಿ ನಮ್ಮ ಬಡಾವಣೆಯಲ್ಲೇ ಅವರ ಮನೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರೋಗಾಣುಗಳನ್ನು ಪರೀಕ್ಷಿಸುವ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಬಂದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡ್ರೈವಿಂಗ್ ಕಲಿಸಿದವರೂ ಅವರೇ. ಲೈಸೆನ್ಸ್ ಏನೋ ಬಂತು, ಆದರೆ ನಾನು ತರಕಾರಿ ಅಂಗಡಿ ಮತ್ತು ಮಗಳ ಸ್ಕೂಲು ಬಿಟ್ಟು ಎಲ್ಲಿಗೂ ಡ್ರೈವ್ ಮಾಡುತ್ತಿರಲಿಲ್ಲ. ಫ್ರೀವೇ ಎಂಬ ಹೆದ್ದಾರಿಗೆ ಇಳಿಯುವುದೆಂದರೆ ಕೈ ಬೆವರುತ್ತಿತ್ತು. ಪಕ್ಕದಲ್ಲಿ ಟ್ರಕ್ ಬಂದರೆ ಕಣ್ಣು ಮುಚ್ಚುವುದೊಂದೇ ನನಗೆ ತೋಚುತ್ತಿದ್ದ ಉಪಾಯ, ಅದನ್ನು ಡ್ರೈವರ್ ಮಾಡಬಾರದಷ್ಟೆ.

ಮಗಳು ಅನನ್ಯಾಳ ಸ್ಕೂಲಿನಲ್ಲಿ ಒಮ್ಮೆ ಪ್ರಾಜೆಕ್ಟ್ ಕೊಟ್ಟಿದ್ದರು. ಹಿಂದಿನ ಕಾಲದಲ್ಲಿ ಬಿಳಿಯರು ಬಟ್ಟೆ ಹೊದಿಸಿದ ಎತ್ತಿನ ಗಾಡಿಗಳಲ್ಲಿ ಸಂಸಾರ ತುಂಬಿಕೊಂಡು ತಿಂಗಳುಗಟ್ಟಲೆ ಪಶ್ಚಿಮಕ್ಕೆ ಹೋದರಲ್ಲ, ಆ ದಾರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಾಡಿ ತೋರಿಸಬೇಕಿತ್ತು. ಅವಳು ಗಾಡಿಗಳನ್ನು ದುಂಡಗೆ ನಿಲ್ಲಿಸಿ, ಮೂಲನಿವಾಸಿಗಳು ಬಿಟ್ಟದ್ದೆಂದು ಅವುಗಳ ಮೈತುಂಬ ಹಲ್ಲುಕಡ್ಡಿಯ ಬಾಣಗಳನ್ನು ಚುಚ್ಚಿದ್ದಳು. ಆಂಟಿ ಕನ್ನಡಕ ಏರಿಸಿ ನೋಡಿದರು.

“ಇಷ್ಟ ಬಾಣ ಯಾಕ ಚುಚ್ಚೀಯವಾ? ಬಾಣಕ್ಕ ಸತ್ತಾವರು ಭಾಳ ಕಡಿಮಿ. ಹೆಚ್ಚಿನ ಮಂದೀನ್ನ ಕೊಂದಿದ್ದು ಕುಡಿಯೋ ನೀರು.”

“ಬಟ್ ಆಂಟಿ, ಎವ್ರಿಬಡಿ ನೋಸ್ ದೇ ಅಟ್ಯಾಕ್ಡ್,” ಎಂದಳು ಮಗಳು.

ಆಂಟಿ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ಆ ಬಿಳಿಯರು ಮೂಲನಿವಾಸಿಗಳಿಗೆ ಹೆದರಿ ಗಾಡಿತುಂಬ ಬಂದೂಕು ಹೇರಿಕೊಂಡು ಹೊರಟರು, ಆ ಬಂದೂಕುಗಳು ಕೈಜಾರಿ ಸಿಡಿದು ತಮ್ಮವರನ್ನೇ ಕೊಂದವು. ಗುಂಡಿಯ ನೀರು ಕುಡಿದು ಕಾಲರಾ ಬಂತು, ಹೊಳೆ ದಾಟುವಾಗ ಕೊಚ್ಚಿಹೋದರು, ಮಕ್ಕಳು ಗಾಡಿಯಿಂದ ಜಾರಿ ಗಾಲಿಗೆ ಸಿಕ್ಕರು. ಕಾಳಗ ಆಗಲೇ ಇಲ್ಲವೆಂದಲ್ಲ, ಎರಡೂ ಕಡೆ ಜೀವಗಳು ಹೋಗಿವೆ. ಆದರೆ ಎಷ್ಟೋ ಸಲ ಹೊಳೆ ದಾಟಿಸಿದವರು, ತಿನ್ನಲು ಕೊಟ್ಟವರು ಆ ಮೂಲನಿವಾಸಿಗಳೇ. ಇದನ್ನೆಲ್ಲ ಅವರು ಲೈಬ್ರರಿಯಿಂದ ಪುಸ್ತಕ ತಂದು ಓದಿದ್ದರು. ಅಪ್ಪನ ಮನೆಯಲ್ಲಿ ಎತ್ತಿನ ಚಕ್ಕಡಿ ಹೊಡೆಯುತ್ತಿದ್ದುದರಿಂದ, ಗಾಡಿಯ ಮಾತು ಬಂದರೆ ಅವರಿಗೆ ಊಟ ಬೇಡ. ಅನನ್ಯಾ ಬಾಣಗಳನ್ನು ಕಿತ್ತು, ನೀಲಿ ಕಾಗದದ ಹೊಳೆ ಅಂಟಿಸಿದಳು. ಆ ದಾರಿಯ ಗಾಲಿಗುರುತು ಇನ್ನೂ ನೆಲದ ಮೇಲಿದೆ, ಒಂದು ಬೇಸಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಆಂಟಿ ಮಾತು ಕೊಟ್ಟರು.

ಆ ಬೇಸಿಗೆ ಬಂದದ್ದು ನ್ಯೂಯಾರ್ಕಿನ ಗೋಪುರಗಳು ಉರುಳಿದ ಮರುವರ್ಷ. ಸಿಕ್ಕವರೆಲ್ಲ ಬುದ್ಧಿ ಹೇಳುವವರೇ. ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸನ್ನು ಕರೆದುಕೊಂಡು ಹಳ್ಳಿಗಾಡಿಗೆ ಹೋಗುವುದೆಂದರೇನು, ಯಾರಾದರೂ ಏನಾದರೂ ಮಾಡಿದರೆ? ನನಗೂ ಒಳಗೊಳಗೇ ಅಳುಕಿತ್ತು. ಆಂಟಿ ಎಲ್ಲವನ್ನೂ ಕೇಳಿಸಿಕೊಂಡು, ಹುಡುಗಿಗೆ ಮಾತು ಕೊಟ್ಟಿದ್ದೇನೆ, ಹೋಗುವುದೇ ಸೈ ಎಂದು ವ್ಯಾನಿನ ಟೈರು ಬದಲಾಯಿಸಲು ಕೊಟ್ಟುಬಂದರು. ನನ್ನ ಗಂಡನಿಗೆ ವಿಕ್ಸಮ್‌ನ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ನಾನು, ಅನನ್ಯಾ, ಆಂಟಿ, ಅವರ ಇಬ್ಬರು ಮೊಮ್ಮಕ್ಕಳು ಹೊರಟೆವು. ದಾರಿಯಲ್ಲಿ ಸಿಗುವ ಇಲಿನಾಯ್‌ನ ಡೌನರ್ಸ್ ಗ್ರೋವ್‌ನಲ್ಲಿ ನನ್ನ ನಾದಿನಿ ಸವಿತಾ ಮತ್ತು ಅವಳ ಮಗ ರೋಹನ್ ಸೇರಿಕೊಂಡರೆ ವ್ಯಾನಿನ ಏಳು ಸೀಟೂ ಭರ್ತಿ.

ಅಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಹೊರಡುವ ಹೊತ್ತಿಗೆ ಊರಿನಿಂದ ಬಂದಿದ್ದ ಸವಿತಾಳ ಅತ್ತೆ ತಾವೂ ಬರುವುದಾಗಿ ಹೇಳಿ ಸ್ವೆಟರ್ ಹಾಕಿಕೊಂಡು ನಿಂತರು. ನಮ್ಮವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಬಸ್ಸು, ಆಟೋ, ಮದುವೆ ವ್ಯಾನು, ಎಲ್ಲದರಲ್ಲೂ ಒತ್ತಿಕೊಂಡು ಕೂತೇ ಬೆಳೆದವರು.

“ರೋಹನ್ ಪುಟ್ಟವನು ತಾನೇ ಆಂಟಿ, ತೊಡೆ ಮೇಲೆ ಕೂರಿಸ್ಕೋತೀನಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ,” ಎಂದಳು ಸವಿತಾ.

ಆಂಟಿ ಹಾಕಿದ್ದ ಕೀಲಿಯನ್ನು ಹೊರಗೆಳೆದು ಮುಷ್ಟಿಯಲ್ಲಿ ಹಿಡಿದು ಕುಳಿತರು. ಪೊಲೀಸರು ಹಿಡಿಯುವುದಿಲ್ಲ, ಹುಷಾರಾಗಿ ಅಪ್ಪಿಕೊಂಡಿರುತ್ತೇನೆ ಎಂದು ಸವಿತಾ ಎಷ್ಟು ಹೇಳಿದರೂ ಮುಷ್ಟಿ ಬಿಚ್ಚಲಿಲ್ಲ. ಮಕ್ಕಳು ಬೇಸತ್ತು ಇಳಿದು ಹುಲ್ಲಿನ ಮೇಲೆ ಆಡತೊಡಗಿದರು. ಇದು ಯಾಕೋ ಅತಿಯಾಯಿತು ಎಂದು ನನಗೂ ಅನ್ನಿಸಿತು. ಆಗ ಅವರು ನನ್ನ ಕಡೆ ತಿರುಗಿದರು.

“ಆಕೀ ಮನ್ಯಾಗ ಇನ್ನೊಂದು ಕಾರು ಐತಿ. ಆಕೀಗೆ ಹೊಡ್ಯಾಕ ಬರಂಗಿಲ್ಲ, ನಿನ್ನ ಹಂತೇಕ ಲೈಸೆನ್ಸ್ ಐತಿ. ನೀ ಹೊಡಿ.”

“ಆಂಟಿ, ನಂಗೆ ಫ್ರೀವೇ ಅಂದ್ರೆ ಭಯ.”

“ಭಯ ಇರಲಿ. ಅದನ್ನೂ ಬಾಜೂಕ ಕುಂಡ್ರಿಸಿ ಬೆಲ್ಟ್ ಹಾಕು.”

ಉಳಿದವರೆಲ್ಲ ವ್ಯಾನಿನಲ್ಲಿ, ಸವಿತಾಳ ಕಾರಿನಲ್ಲಿ ನನ್ನ ಪಕ್ಕ ಕುಳಿತದ್ದು ಅವಳ ಅತ್ತೆ. ನನಗಿಂತ ಹೆಚ್ಚು ಹೆದರಿ, ಇಲಿನಾಯ್ ದಾಟುವವರೆಗೂ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಿದ್ದರು. ನಾನು ಆಂಟಿಯ ವ್ಯಾನಿನ ಹಿಂದಿನ ದೀಪಗಳನ್ನಷ್ಟೇ ನೋಡುತ್ತಾ ಹೋದೆ. ಅಯೋವಾದಲ್ಲಿ ಅವರ ಮುಂದಿದ್ದ ಟ್ರಕ್ಕಿನ ಟೈರು ಸಿಡಿದು ರಸ್ತೆಯ ತುಂಬ ಚೂರಾಯಿತು. ವ್ಯಾನಿನ ದೀಪ ಕೆಂಪಗೆ ಹೊತ್ತಿತು, ವ್ಯಾನು ಓಲಾಡುತ್ತಾ ರಸ್ತೆ ಬಿಟ್ಟು ಹುಲ್ಲಿನ ಹಳ್ಳಕ್ಕೆ ಇಳಿದು ನಿಂತಿತು. ನಾನು ಕಣ್ಣು ಮುಚ್ಚಲಿಲ್ಲ. ಬ್ರೇಕ್ ಹಾಕಿ, ಅಂಚಿಗೆ ನಿಲ್ಲಿಸಿ, ಓಡಿದೆ.

ಮಕ್ಕಳು ಬೆಲ್ಟಿನೊಳಗೆ ಅಳುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಸವಿತಾ ತೊಡೆಯ ಮೇಲೆ ಚಿತ್ರಾನ್ನದ ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳಂತೆ. ಅದು ಕೈಯಿಂದ ಹಾರಿ, ಮುಂದಿನ ಸೀಟುಗಳ ನಡುವೆ ಹೋಗಿ ಗಾಜಿಗೆ ಬಡಿದಿತ್ತು. ಗಾಜು ಬಿರುಕುಬಿಟ್ಟು, ಅದರ ತುಂಬ ಅನ್ನ ಮೆತ್ತಿಕೊಂಡಿತ್ತು. ಸವಿತಾ ತನ್ನ ಖಾಲಿ ತೊಡೆಯನ್ನೂ ಆ ಗಾಜನ್ನೂ ನೋಡಿದಳು, ಆಮೇಲೆ ಹಿಂದೆ ತಿರುಗಿ ರೋಹನ್‌ನನ್ನು ನೋಡಿದಳು.

ಅಷ್ಟರಲ್ಲಿ ಒಂದು ಪಿಕಪ್ ಬಂದು ನಿಂತಿತು. ದೊಡ್ಡ ಹ್ಯಾಟಿನ ರೈತ ಇಳಿದ, ಅವನ ಗಾಡಿಯ ಹಿಂದಿನ ಗಾಜಿನಲ್ಲಿ ಬಂದೂಕು ಕಾಣುತ್ತಿತ್ತು. ಸ್ಕಾರ್ಫ್ ತೆಗೆದುಬಿಡಿ ಎಂದು ನಾನು ಪಿಸುಗುಟ್ಟಿದೆ. ಆಂಟಿ ಅದನ್ನು ಇನ್ನಷ್ಟು ಸರಿಮಾಡಿಕೊಂಡು ಅವನ ಎದುರಿಗೆ ಹೋದರು. ಅವನು ಸ್ಕಾರ್ಫನ್ನು ಒಂದು ಗಳಿಗೆ ದಿಟ್ಟಿಸಿ, ಎಲ್ಲಿಂದ ಬಂದಿರಿ ಎಂದು ಕೇಳಿದ. ಪ್ಲಿಮತ್, ಮಿಶಿಗನ್ ಎಂದರು. ಅವನು ಹೆಚ್ಚೇನೂ ಮಾತಾಡದೆ ಸರಪಳಿ ಕಟ್ಟಿ ವ್ಯಾನನ್ನು ಮೇಲಕ್ಕೆಳೆದುಕೊಟ್ಟ. ಆಂಟಿ ಒಂದು ಪೊಟ್ಟಣ ಚಕ್ಕುಲಿ ಕೊಟ್ಟು ಕಳಿಸಿದರು.

ಗಾಜು ಬದಲಾಯಿಸಿ ಮುಂದೆ ಹೋದೆವು. ನೆಬ್ರಾಸ್ಕಾದ ಬಯಲಿನಲ್ಲಿ ಆ ಗಾಲಿಗುರುತು ಸಿಕ್ಕಿತು, ಹುಲ್ಲು ಬೆಳೆದ ಉದ್ದನೆಯ ತಗ್ಗು. ಮಕ್ಕಳು ಅದರಲ್ಲಿ ಓಡಿದರು. ಆಂಟಿ ಕುಕ್ಕರಗಾಲಿನಲ್ಲಿ ಕೂತು ನೆಲ ಮುಟ್ಟಿದರು, ಆಗ ಮೊದಲ ಸಲ ತಮಗೊಬ್ಬ ತಮ್ಮನಿದ್ದ ವಿಷಯ ಹೇಳಿದರು.

“ಹತ್ತಿ ಹೇರಿಕೊಂಡು ಪ್ಯಾಟಿಗೆ ಹೊಂಟಿದ್ವಿ. ಕಳ್ಳರು ಬರತಾರಂತ ಎಲ್ಲಾರೂ ಗಿಡಗಂಟಿ ಕಡೇನ ನೋಡಾಕತ್ತಿದ್ರು. ನಮ್ಮ ತಮ್ಮ ಮುಂದ ಕುಂತಾಂವ ಜಾರಿ ಬಿದ್ದ. ಗಾಲಿ ಕಡೆ ಯಾರೂ ನೋಡಲಿಲ್ಲವಾ.”

ನಾನು ಅವರ ಪಕ್ಕ ಕೂತೆ. ಅವರ ಮುಷ್ಟಿಯೊಳಗಿನ ಕೀಲಿಯ ಅರ್ಥ ನನಗೆ ತಿಳಿದದ್ದು ಅವತ್ತು. ವಾಪಸು ಬಂದು, ಸವಿತಾಳ ಕಾರನ್ನು ಡೌನರ್ಸ್ ಗ್ರೋವ್‌ನಲ್ಲಿ ಬಿಟ್ಟು ಪ್ಲಿಮತ್‌ಗೆ ಬರುವಾಗ ಅರ್ಧ ದಾರಿ ವ್ಯಾನನ್ನೂ ನಾನೇ ಓಡಿಸಿದೆ.

ಆ ದಶಕ ಮುಗಿಯುವ ಹೊತ್ತಿಗೆ ಆಂಟಿಗೆ ಕ್ಯಾನ್ಸರ್ ಬಂತು. ಆಸ್ಪತ್ರೆಗೆ ಫ್ರೀವೇಯಲ್ಲಿ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಕೊನೆಯ ಸಲ ಅವರ ಬೆರಳಿಗೆ ಬೆಲ್ಟ್ ಒತ್ತುವ ಶಕ್ತಿ ಇರಲಿಲ್ಲ. ನೆರವಿಗೆ ಕೈ ಚಾಚಿದರೆ ಸರಿಸಿದರು. ನಾನು ಕೀಲಿ ಹಾಕಿ, ತಿರುಗಿಸದೆ ಕಾದೆ. ಬಹಳ ಹೊತ್ತಿನ ಮೇಲೆ ಟಕ್ ಎಂದಿತು. “ಹ್ಞಾಂ, ಈಗ ಹೊಡಿ” ಎಂದರು.

ಆಂಟಿಯ ಅಂತ್ಯಕ್ರಿಯೆಯ ದಿನ ಮಸೀದಿಯಲ್ಲಿ ನಮಾಜ್ ಮುಗಿದು ಖಬರಸ್ತಾನಕ್ಕೆ ಹೊರಟಾಗ ನನ್ನ ಕಾರು ತುಂಬಿತ್ತು. ಡೌನರ್ಸ್ ಗ್ರೋವ್‌ನಿಂದ ಬಂದ ಸವಿತಾ ಹಿಂದೆ ಕೂತಿದ್ದಳು. ಯಾರೋ ಒಬ್ಬರು ಬಾಗಿಲು ತೆರೆದು, ಹತ್ತಿರದ ದಾರಿ, ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಪುಟ್ಟ ಹುಡುಗಿಯೊಬ್ಬಳನ್ನು ಅವಳ ತೊಡೆಯ ಮೇಲೆ ಕೂರಿಸಿದರು. ಮುಂದಿನ ಕಾರುಗಳು ದೀಪ ಮಿನುಗಿಸುತ್ತಾ ಹೊರಟುಬಿಟ್ಟವು, ಹಿಂದಿನವರು ಕಾಯುತ್ತಿದ್ದರು. ನಾನು ಕೀಲಿ ತಿರುಗಿಸಲಿಲ್ಲ. ಸವಿತಾ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ಮಗುವನ್ನು ತನ್ನ ಜಾಗದಲ್ಲಿ ಕೂರಿಸಿ, ಬೆಲ್ಟ್ ಹಾಕಿ, ತಾನು ಇಳಿದು ಹಿಂದಿನ ಕಾರಿನ ಕಡೆ ಓಡಿದಳು.

ಒಂದೊಂದಾಗಿ ಟಕ್ ಎಂದವು. ಕೊನೆಯದು ನನ್ನದು. ಆಮೇಲೆ ಹೊರಟೆ.